ಆರಲಿ ಮಗಾ, ಆರಲಿ

ಮೇ ತಿಂಗಳ ಮೂರನೇ ವಾರ ಬಂತೆಂದರೆ ಇವತ್ತಿಗೂ ನನ್ನ ಕೈ ಸುಮ್ಮನಿರುವುದಿಲ್ಲ. ಶಿವಮೊಗ್ಗದ ಮನೆಯ ತಾರಸಿಯಲ್ಲಿ ಹಳೇ ಪಂಚೆ ಹಾಸಿ ಮೆಣಸಿನಕಾಯಿ, ಕೊತ್ತಂಬರಿ, ಬೇಳೆ ಎಲ್ಲ ಹರವುತ್ತೇನೆ. "ಅಂಗಡಿಯಲ್ಲಿ ದಿನಾ ಸಿಗುತ್ತಲ್ಲ ಅತ್ತೆ, ಈ ಬಿಸಿಲಲ್ಲಿ ಯಾಕೆ?" ಎಂದು ಸೊಸೆ ಕೇಳುತ್ತಾಳೆ. ಅವಳು ಹೇಳುವುದೂ ಸರಿಯೇ. ಆದರೆ ನಾನು ಬೆಳೆದದ್ದು ಆಗುಂಬೆ ಸೀಮೆಯ ಹಳ್ಳಿಯಲ್ಲಿ, ಅಜ್ಜಿಯ ಸೆರಗು ಹಿಡಿದುಕೊಂಡು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ಬಿಡುತ್ತಿರಲಿಲ್ಲ. ಗೋಡೆ ಬೆವರುತ್ತಿತ್ತು. ಉಪ್ಪು ನೀರಾಗುತ್ತಿತ್ತು. ಮೂಲೆಯಲ್ಲಿಟ್ಟ ಚರ್ಮದ ಚಪ್ಪಲಿಗೆ ಎರಡೇ ದಿನಕ್ಕೆ ಬೂಷ್ಟು.

ಅಂಥ ಊರಿಗೆ ಅಜ್ಜಿ ಹನ್ನೆರಡನೇ ವಯಸ್ಸಿಗೆ ಮದುವೆಯಾಗಿ ಬಂದವಳು. ನನಗೆ ಬುದ್ಧಿ ಬರುವ ಹೊತ್ತಿಗೆ ಮನೆಯಲ್ಲಿ ಹದಿನಾಲ್ಕು ಜನ, ಬಂದು ಹೋಗುವವರು ಬೇರೆ. ಎಲ್ಲರಿಗೂ ನಾಲ್ಕು ತಿಂಗಳಿಗಾಗುವಷ್ಟು ಸಾಮಾನನ್ನು ರೋಹಿಣಿ ಮಳೆ ಹಿಡಿಯುವ ಮೊದಲೇ ಒಣಗಿಸಿ ಒಳಗಿಡಬೇಕಿತ್ತು. ಅವಳು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು ಒಂದೇ. "ಆರಲಿ ಮಗಾ, ಆರಲಿ." ಹುರಿದ ರವೆ ಆರಬೇಕು. ಒಗೆದ ಬಟ್ಟೆ ಆರಬೇಕು. ತೊಳೆದ ಭರಣಿ ಆರಬೇಕು. ಜಗಳವಾಡಿದ ಸೊಸೆಯಂದಿರ ಸಿಟ್ಟೂ ಆರಬೇಕು, ಅಲ್ಲಿಯವರೆಗೆ ಅಜ್ಜಿ ಇಬ್ಬರನ್ನೂ ಮಾತಾಡಿಸುತ್ತಿರಲಿಲ್ಲ. ದೀಪಕ್ಕೆ ಮಾತ್ರ ಆ ಮಾತು ಬಳಸುವಂತಿಲ್ಲ. ದೀಪ ಆರಿಸಲಾ ಅಂತ ಕೇಳಿದರೆ ಅವಳ ಮುಖ ಬಾಡುತ್ತಿತ್ತು. "ದೊಡ್ಡದು ಮಾಡಲಾ ಅನ್ನು" ಎಂದು ತಿದ್ದುತ್ತಿದ್ದಳು.

ರವೆಯಿಂದಲೇ ಶುರು ಮಾಡುತ್ತೇನೆ. ನನ್ನನ್ನು ಜಾಸ್ತಿ ಜನ ಕೇಳುವುದು ರವೆಗೆ ಹುಳು ಬೀಳುವ ವಿಷಯವನ್ನೇ. ತಂದ ದಿನವೇ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿಯಿರಿ. ಅಗಲ ತಟ್ಟೆಗೆ ಸುರಿದು ಹರವಿ ಬಿಡಿ. ಕೈ ಹಾಕಿದರೆ ತಣ್ಣಗಿರಬೇಕು, ಆಮೇಲೆ ಡಬ್ಬಿಗೆ. ಮದುವೆಯಾದ ಹೊಸತರಲ್ಲಿ ನಾನು ಅವಸರ ಮಾಡಿ ಬೆಚ್ಚಗಿರುವಾಗಲೇ ಮುಚ್ಚಳ ಹಾಕಿದ್ದೆ. ಒಳಗಿನ ಹಬೆ ನೀರಾಗಿ ಮೂರು ಸೇರು ರವೆ ಗಂಟು ಕಟ್ಟಿ ಹೋಯಿತು. ಆವತ್ತು ಅತ್ತಿದ್ದೆ. ಹುರಿಯಲು ಪುರುಸೊತ್ತಿಲ್ಲದವರು ಪ್ಯಾಕೆಟನ್ನೇ ಫ್ರೀಜರ್‌ನಲ್ಲಿ ನಾಲ್ಕು ದಿನ ಇಡಬಹುದು, ಮೊಟ್ಟೆಯಿದ್ದರೆ ಸಾಯುತ್ತದೆ. ಆದರೆ ಹೊರಗೆ ತೆಗೆದ ಕೂಡಲೇ ಒಡೆಯಬೇಡಿ. ಪ್ಯಾಕೆಟ್ ಬೆವರುತ್ತದೆ. ಆ ಬೆವರು ಆರಿದ ಮೇಲೆ ಒಡೆಯಿರಿ.

ತೊಗರಿಬೇಳೆ, ಹೆಸರುಕಾಳಿಗೆ ಹರಳೆಣ್ಣೆ. ಒಂದು ಕೆಜಿಗೆ ಒಂದು ಚಮಚ ಸಾಕು. ಅಂಗೈಗೆ ಸವರಿಕೊಂಡು ಕಾಳನ್ನು ತಿಕ್ಕಿ, ಒಂದು ದಿನ ಬಿಸಿಲಿಗೆ ಹಾಕಿ, ಸಂಜೆ ನೆರಳಲ್ಲಿ ಬಿಸಿ ಇಳಿಸಿ ತುಂಬಿಡಿ. ಅಕ್ಕಿಗೆ ಒಣ ಬೇವಿನೆಲೆ, ಒಣಮೆಣಸು. ಬೇವು ಗರಿಗರಿ ಒಣಗಿರಬೇಕು, ಹಸಿ ಎಲೆ ಹಾಕಿದರೆ ಅಕ್ಕಿಗೆ ತೇವ ನೀವೇ ಸೇರಿಸಿದ ಹಾಗೆ.

ಇನ್ನು ಅಪ್ಪೆಮಿಡಿ, ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವಿನಕಾಯಿ. ಈ ವಿಷಯ ಬಂದರೆ ನನಗೆ ಮಾತು ನಿಲ್ಲಿಸುವುದು ಕಷ್ಟ. ಉದುರಿ ಬಿದ್ದ ಮಿಡಿಯನ್ನು ಅಜ್ಜಿ ಉಪ್ಪಿನಕಾಯಿಗೆ ಸೇರಿಸುತ್ತಲೇ ಇರಲಿಲ್ಲ. ಪೆಟ್ಟು ತಿಂದ ಒಂದೇ ಮಿಡಿ ಭರಣಿಯೊಳಗೆ ಮೆತ್ತಗಾಗಿ ಉಳಿದವನ್ನೂ ಕೆಡಿಸುತ್ತದೆ. ಗೊಂಚಲನ್ನೇ ಮೆಲ್ಲಗೆ ಇಳಿಸಿ, ತೊಳೆದು, ಬಟ್ಟೆಯ ಮೇಲೆ ಹರವಿ ನೆರಳಲ್ಲಿ ಆರಿಸುತ್ತಿದ್ದಳು. ತೊಟ್ಟನ್ನು ಬುಡದ ತನಕ ಮುರಿಯುತ್ತಿರಲಿಲ್ಲ, ಚೂರು ಉಳಿಸುತ್ತಿದ್ದಳು. ಸೊನೆಯಲ್ಲೇ ಅಲ್ವಾ ಪರಿಮಳ ಇರುವುದು? ನಾಲ್ಕು ಸೇರು ಮಿಡಿಗೆ ಒಂದು ಸೇರು ಹರಳುಪ್ಪು, ಇದು ಅವಳ ಲೆಕ್ಕ. ಒಂದು ಪದರ ಮಿಡಿ, ಒಂದು ಪದರ ಉಪ್ಪು. ಒಣ ಮರದ ಸೌಟಿನಿಂದ ದಿನಕ್ಕೊಮ್ಮೆ ಮೇಲೆ ಕೆಳಗೆ ಮಾಡಬೇಕು. ಎರಡು ಮೂರು ವಾರದಲ್ಲಿ ಮಿಡಿ ಚಿರುಟಿ ನೀರು ಬಿಡುತ್ತದೆ. ಆ ಉಪ್ಪುನೀರನ್ನು ಬಸಿದು, ಕುದಿಸಿ, ಪೂರ್ತಿ ಆರಿಸಿ, ಸಾಸಿವೆ ಮತ್ತು ಒಣಮೆಣಸಿನಕಾಯನ್ನು ಅದರಲ್ಲೇ ಅರೆಯುವುದು. ಹೊರಗಿನ ನೀರು ಒಂದು ಹನಿಯೂ ಸೇರಬಾರದು.

ಭರಣಿಗೂ ಒಂದು ಕ್ರಮವಿತ್ತು. ತೊಳೆದು ಎರಡು ದಿನ ಬಿಸಿಲಿಗಿಟ್ಟು, ಆಮೇಲೆ ಕೆಂಡದ ಮೇಲೆ ಇಂಗಿನ ಚೂರು ಹಾಕಿ ಆ ಹೊಗೆಗೆ ಭರಣಿಯನ್ನು ಬೋರಲು ಹಾಕುತ್ತಿದ್ದಳು. ಮಿಡಿ ತುಂಬಿ, ಬಾಯಿಗೆ ಬಿಳಿ ಬಟ್ಟೆ ಬಿಗಿದು, ಕಟ್ಟಿದ ಮೇಲೆ ಕೈ ಮುಗಿಯುತ್ತಿದ್ದಳು. ಮಳೆಗಾಲ ಪೂರ್ತಿ ದೊಡ್ಡ ಭರಣಿಗೆ ಕೈ ಹಾಕುವವಳು ಅವಳೊಬ್ಬಳೇ. ವಾರಕ್ಕೆ ಬೇಕಾದಷ್ಟನ್ನು ಚಿಕ್ಕ ಜಾಡಿಗೆ ತೆಗೆಯುತ್ತಿದ್ದಳು, ಅದೂ ಮಳೆ ಸ್ವಲ್ಪ ಹೊಳವಾದ ದಿನ. ಉಳಿದದ್ದೆಲ್ಲ ಮರೆತರೂ ಇದೊಂದನ್ನು ಇಟ್ಟುಕೊಳ್ಳಿ. ಉಪ್ಪಿನಕಾಯಿ ಕೆಡುವುದು ಜಾಸ್ತಿ ಊಟದ ಹೊತ್ತಿನ ಗಡಿಬಿಡಿಯಲ್ಲಿ, ಒದ್ದೆ ಚಮಚದಿಂದ.

ತುಪ್ಪವನ್ನು ಅಜ್ಜಿ ಕಿವಿಯಿಂದ ಕಾಯಿಸುತ್ತಿದ್ದಳು. ಬೆಣ್ಣೆ ಕರಗಿ ಚಟಪಟ ಎನ್ನತೊಡಗಿದರೆ ಮಕ್ಕಳೆಲ್ಲ ಬಾಯಿ ಮುಚ್ಚಿ ಕೂರಬೇಕು. ಆ ಸದ್ದು ನೀರಿನದು. ಮೆಲ್ಲಗೆ ಕಡಿಮೆಯಾಗುತ್ತಾ ಬಂದು ಒಂದು ಕ್ಷಣ ಪೂರ್ತಿ ನಿಲ್ಲುತ್ತದೆ. ತಳದ ಚರಟ ಹೊಂಬಣ್ಣಕ್ಕೆ ತಿರುಗಿರುತ್ತದೆ. ಆಗಲೇ ಒಂದು ವೀಳ್ಯದೆಲೆ ಹಾಕಿ ಇಳಿಸಬೇಕು. ಸದ್ದು ಇರುವಾಗಲೇ ಇಳಿಸಿದರೆ ಆ ತುಪ್ಪ ಮಳೆಗಾಲದಲ್ಲಿ ಮುಗ್ಗಲು ವಾಸನೆ ಬರುತ್ತದೆ. ಆಮೇಲೂ ಬಿಟ್ಟರೆ ಸೀಯುತ್ತದೆ. ಈಗ ಅಡುಗೆಮನೆಯಲ್ಲಿ ಮಿಕ್ಸಿ, ಚಿಮಣಿ, ಮೊಬೈಲ್ ಎಲ್ಲದರ ಸದ್ದು. ತುಪ್ಪ ಕಾಯಿಸುವ ಹತ್ತು ನಿಮಿಷವಾದರೂ ಎಲ್ಲ ನಿಲ್ಲಿಸಿ ನೋಡಿ.

ದೇವರ ಮನೆಯ ಸಾಮಾನಿಗೂ ಅಜ್ಜಿ ಅಷ್ಟೇ ಲಕ್ಷ್ಯ ಕೊಡುತ್ತಿದ್ದಳು. ಎಳ್ಳಮಾವಾಸ್ಯೆ ಜಾತ್ರೆಗೆ ತೀರ್ಥಹಳ್ಳಿಗೆ ಹೋಗಿ ತುಂಗೆಯಲ್ಲಿ ಮಿಂದು ಬಂದ ಮೇಲೆ ಬತ್ತಿ ಹೊಸೆಯಲು ಕೂರುತ್ತಿದ್ದಳು. ಚಳಿಗಾಲದ ಒಣ ಹವೆಯಲ್ಲಿ ಹತ್ತಿ ಚೆನ್ನಾಗಿ ಬಿಡಿಸಿಕೊಳ್ಳುತ್ತದೆ. ಬಾಯಲ್ಲಿ ದೇವರ ನಾಮ, ಬೆರಳಲ್ಲಿ ವಿಭೂತಿ, ತೊಡೆಯ ಮೇಲೆ ಬತ್ತಿ. ಒಂದು ಹಾಡಿಗೆ ಇಷ್ಟು ಬತ್ತಿ ಎಂಬ ಲೆಕ್ಕ ಅವಳಿಗೆ ಗೊತ್ತಿತ್ತು. ಅವನ್ನು ತಗಡಿನ ಡಬ್ಬಿಗೆ ಹಾಕಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದಳು. ಬೆಂಕಿಪೊಟ್ಟಣ ಅಕ್ಕಿ ಡಬ್ಬಿಯೊಳಗೆ. ಕರ್ಪೂರದ ಜೊತೆ ನಾಲ್ಕು ಕಾಳುಮೆಣಸು, ಕರಗಬಾರದು ಅಂತ. ಮೆಣಸಿಗಿಂತ ಮುಚ್ಚಳ ಬಿಗಿಯಾಗಿರುವುದೇ ಮುಖ್ಯ ಅನ್ನುವುದು ನನ್ನ ಅನುಭವ. ಆದರೂ ನಾನು ಇವತ್ತಿಗೂ ಮೆಣಸು ಹಾಕುತ್ತೇನೆ.

ಹಿತ್ತಾಳೆ ದೀಪಕ್ಕೆ ಹುಣಸೆ, ಉಪ್ಪು ಎಲ್ಲರಿಗೂ ಗೊತ್ತು. ಆದರೆ ಎಣ್ಣೆ ಜಿಡ್ಡಿನ ಮೇಲೆ ಹುಣಸೆ ಹಚ್ಚಿದರೆ ಪ್ರಯೋಜನವಿಲ್ಲ. ಮೊದಲು ಸೀಗೆಪುಡಿಯಿಂದ ಜಿಡ್ಡು ತೆಗೆಯಿರಿ. ಆಮೇಲೆ ಹುಣಸೆ. ಹುಳಿಯನ್ನು ನೆನೆಯಲು ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ, ಬೇಗ ತಿಕ್ಕಿ ಚೆನ್ನಾಗಿ ತೊಳೆದು ಆಗಲೇ ಒಣ ಬಟ್ಟೆಯಲ್ಲಿ ಒರೆಸಿ. ಹನಿ ನಿಂತಲ್ಲೆಲ್ಲ ಕಲೆ, ಆಮೇಲೆ ಕಿಲುಬು. ಅಜ್ಜಿ ದೀಪದ ಕಂಬವನ್ನು ಒರೆಸುವುದು ಮಗುವಿಗೆ ತಲೆ ಒರೆಸಿದ ಹಾಗಿರುತ್ತಿತ್ತು.

ಆಷಾಢದ ಮಳೆಯಲ್ಲೂ ಅವಳು ತುಳಸಿ ಕಟ್ಟೆಯ ದೀಪ ತಪ್ಪಿಸಿದ್ದು ನಾನು ಕಾಣೆ. ಮಳೆಗೆ ತಲೆ ಬೆನ್ನು ಮುಚ್ಚುವ ಗೊರಬು ಹಾಕಿಕೊಂಡು, ಸೆರಗಿನ ಮರೆಯಲ್ಲಿ ಹಣತೆ ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದಳು. ಗೂಡಿನೊಳಗೆ ಇಟ್ಟು, ಕೈ ಮುಗಿದು ಬರುವಷ್ಟರಲ್ಲಿ ಗಾಳಿಗೆ ಹೋಗಿರುತ್ತಿತ್ತು. ಅವಳು ತಿರುಗಿ ನೋಡುತ್ತಿರಲಿಲ್ಲ. "ಹಚ್ಚುವುದು ನಮ್ಮದು" ಎನ್ನುತ್ತಿದ್ದಳು, ಅಷ್ಟೇ.

ರೇಷ್ಮೆ ಸೀರೆ ಬಗ್ಗೆ ಎರಡು ಮಾತು. ಮಳೆಗಾಲದಲ್ಲಿ ಪೆಟ್ಟಿಗೆ ತೆರೆಯಬೇಡಿ. ನವರಾತ್ರಿ ಹೊತ್ತಿಗೆ ಬಿಸಿಲು ಮರಳುತ್ತದೆ, ಆಗ ನೆರಳಲ್ಲಿ ಗಾಳಿಗೆ ಹಾಕಿ ಮಡಿಕೆ ಬದಲಾಯಿಸಿ. ಹಳೇ ಮಡಿಕೆಯಲ್ಲೇ ವರ್ಷಗಟ್ಟಲೆ ಬಿಟ್ಟರೆ ಅದೇ ಗೆರೆಯಲ್ಲಿ ಸೀಳುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು. ಅಜ್ಜಿ ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ, ನಡುವೆ ಲಾವಂಚದ ಬೇರು ಇಡುತ್ತಿದ್ದಳು. ಅವಳ ಮದುವೆಯ ಸೀರೆ ನನ್ನ ಹತ್ತಿರ ಇದೆ. ಮೂಗಿಗೆ ಹಿಡಿದರೆ ಇವತ್ತಿಗೂ ಲಾವಂಚದ ವಾಸನೆ ಬರುತ್ತದೆ.

ಸೌದೆಯ ವಿಷಯ ಈಗ ಎಷ್ಟು ಜನಕ್ಕೆ ಬೇಕೋ ಕಾಣೆ. ಆದರೂ ಬರೆಯುತ್ತೇನೆ. ಏಪ್ರಿಲ್‌ಗೇ ಸೀಳಿಸಿ, ಅಂಗಳದಲ್ಲಿ ಒಂದು ತಿಂಗಳು ಬಿಸಿಲು ಕಾಣಿಸಿ, ನೆಲಕ್ಕೆ ತಾಗದ ಹಾಗೆ ಕೆಳಗೆ ಎರಡು ದಿಮ್ಮಿ ಕೊಟ್ಟು, ಗಾಳಿ ಆಡುವಂತೆ ಅಡ್ಡ ಉದ್ದ ಪೇರಿಸುವುದು. ಎರಡು ತುಂಡು ಬಡಿದರೆ ಠಣ್ ಎನ್ನಬೇಕು. ದಪ್ ಎಂದರೆ ಮತ್ತೆ ಬಿಸಿಲಿಗೆ. ವಯಸ್ಸಾದ ಮೇಲೂ ಅಜ್ಜಿ ಕೊಟ್ಟಿಗೆ ಬಾಗಿಲಲ್ಲಿ ಕೂತು ಒಂದೊಂದನ್ನೂ ಬಡಿದು ಕೇಳುತ್ತಿದ್ದಳು.

ಅಜ್ಜಿ ಹೋದದ್ದು 1979ರ ಆಷಾಢದಲ್ಲಿ, ಪುನರ್ವಸು ಮಳೆ ಸುರಿಯುವಾಗ. ನನಗೆ ಆಗ ಮದುವೆಯಾಗಿ ಎರಡು ವರ್ಷ. ಬಸ್ಸಿಳಿದು, ಗದ್ದೆ ಅಂಚಿನಲ್ಲಿ ಮೊಣಕಾಲು ನೀರಲ್ಲಿ ನಡೆದು ಮನೆ ಮುಟ್ಟಿದೆ. ಈ ಮಳೆಯಲ್ಲಿ ಒಣ ಸೌದೆಗೆ ಎಲ್ಲಿ ಹೋಗುವುದು ಎಂದು ಊರಿನವರು ಚಿಂತೆಯಲ್ಲಿದ್ದರು. ದೊಡ್ಡಪ್ಪ ಏನೂ ಹೇಳದೆ ಅವರನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಸದ್ದು ಕೇಳಿತು. ಠಣ್, ಠಣ್.

ಸೂತಕ ಕಳೆದ ದಿನ ಅಮ್ಮ ದೇವರ ದೀಪ ಹಚ್ಚಲು ನನಗೆ ಹೇಳಿದಳು. ಅಟ್ಟದಿಂದ ತಗಡಿನ ಡಬ್ಬಿ ಇಳಿಸಿದೆ. ಹೊರಗೆ ಎಂಟು ದಿನದಿಂದ ಬಿಡದ ಮಳೆ. ಬತ್ತಿಗಳು ಮುಟ್ಟಿದರೆ ಬೆಚ್ಚಗಿದ್ದವು. ದೀಪಾವಳಿಯವರೆಗೂ ಬಂದವು.