ಆಮೆಗೆ ಪೆಲೆಟ್ ಹಾಕಬೇಕಾ, ಸೊಪ್ಪಾ? ನಾನು ಹುಲ್ಲು ಹಾಕುತ್ತೇನೆ

ನಮ್ಮ ಹಿತ್ತಲಿನ ಆಮೆಯ ಹೆಸರು ಕಲ್ಲಪ್ಪ. ಆಫ್ರಿಕಾದ ಸಲ್ಕಾಟಾ ಜಾತಿ. ನೀರಿನಲ್ಲಿ ಇರುವುದಲ್ಲ, ನೆಲದ ಮೇಲೆ ಓಡಾಡುವುದು. ಧಾರವಾಡದಲ್ಲಿ ಇಂಥದ್ದೊಂದು ಮನೆಯಲ್ಲಿದೆ ಅಂದರೆ ನೋಡಲು ಬರುವವರಿಗೇನೂ ಕಡಿಮೆ ಇಲ್ಲ. ಬಂದವರು ಕೇಳುವುದೂ ಅದನ್ನೇ: "ಇದಕ್ಕ ಏನ್ ಹಾಕ್ತೀರಿ? ಅಂಗಡ್ಯಾಗಿನ ಪೆಲೆಟ್ಟೋ, ಮಾರ್ಕೆಟ್ಟಿನ ತಪ್ಪಲೋ?" ಪೆಲೆಟ್ ಅಂದರೆ ಡಬ್ಬಿಯಲ್ಲಿ, ಚೀಲದಲ್ಲಿ ಬರುವ ಗುಳಿಗೆಯಂಥ ಒಣ ಆಹಾರ. ನಾನು ಹುಲ್ಲು ಅಂದರೆ ಮುಖ ನೋಡುತ್ತಾರೆ. ಹುಲ್ಲು ದನಕ್ಕಲ್ಲವಾ ಅನ್ನೋ ಮುಖ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. ನಮ್ಮ ದೇಶದ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಅದು ಮೊದಲನೇ ಶೆಡ್ಯೂಲ್‌ನಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯಲ್ಲಿ. ಯಾರೋ ಗುಪ್ತವಾಗಿ ಕೊಡುತ್ತೇನೆ ಅಂದರೂ ಬೇಡ. ಸಲ್ಕಾಟಾದಂಥ ಹೊರದೇಶದ ಪ್ರಾಣಿಗಳಿಗೂ 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಕೈ ಬದಲಾದರೆ ಅದನ್ನೂ ತಿಳಿಸಬೇಕು. ಕಲ್ಲಪ್ಪ ಬಂದಿದ್ದು ಬೆಂಗಳೂರಿನಲ್ಲಿದ್ದ ನನ್ನ ಸೋದರತ್ತೆಯ ಮಗನಿಂದ, ಕಾಗದಪತ್ರ ಸಮೇತ. ಅವನು ದೊಡ್ಡ ಮನೆ ಬಿಟ್ಟು ಫ್ಲಾಟಿಗೆ ಹೋದ. ಸಲ್ಕಾಟಾ ಗಂಡು 40-50 ಕಿಲೋ ತನಕ ಬೆಳೆಯುತ್ತದೆ, ಇನ್ನೂ ಜಾಸ್ತಿ ಆಗುವುದೂ ಉಂಟು. ಆಯಸ್ಸು ನಮ್ಮಷ್ಟೇ ಇದೆ. ಫ್ಲಾಟಿನ ಬಾಲ್ಕನಿಗೆ ಹೊಂದುವ ಜೀವ ಅಲ್ಲ.

ಕಲ್ಲಪ್ಪನ ಜೊತೆ ಒಂದು ಚೀಲ ಪೆಲೆಟ್ ಕೂಡ ಬಂತು. "ಅಕ್ಕಾ, ಇದನ್ನ ಬಿಟ್ಟು ಬೇರೆ ಏನೂ ಮುಟ್ಟಲ್ಲ ಅವನು" ಅಂತ ಸೋದರತ್ತೆಯ ಮಗ ಹೇಳಿಯೇ ಕಳಿಸಿದ್ದ. ನಿಜವೇ ಆಗಿತ್ತು. ಹಿತ್ತಲ ತುಂಬ ಕರಿಕಿ (ಗರಿಕೆ ಹುಲ್ಲು) ಇದ್ದರೂ ಅದರ ಮೇಲೆ ನಡೆದು ಹೋಗಿ ಖಾಲಿ ತಟ್ಟೆ ಮುಂದೆ ನಿಲ್ಲುತ್ತಿದ್ದ. ಸಹಾರಾದ ದಕ್ಷಿಣದ ಅಂಚಿನಲ್ಲಿ, ಸೆನೆಗಲ್‌ನಿಂದ ಸುಡಾನ್ ಕಡೆಗೆ ಚಾಚಿದ ಒಣ ನೆಲದಲ್ಲಿ ಹುಲ್ಲು ಮೇಯ್ದು ಬದುಕುವ ಜಾತಿ ಇದು. ಅಂಥವನಿಗೆ ಹುಲ್ಲೇ ಗುರುತಿಲ್ಲ.

ಈಗ ಪೆಲೆಟ್ ವಿಷಯ. ಎಲ್ಲ ಡಬ್ಬಿಯೂ ಒಂದೇ ಅಲ್ಲ. ನಮ್ಮೂರ ಅಕ್ವೇರಿಯಂ ಅಂಗಡಿಗಳಲ್ಲಿ "ಆಮೆ ಫುಡ್" ಅಂತ ಕೇಳಿದರೆ ಸಾಮಾನ್ಯವಾಗಿ ಕೊಡುವುದು ನೀರಾಮೆಯ ಕಡ್ಡಿಗಳನ್ನು. ಅದರಲ್ಲಿ ಮೀನಿನ ಪುಡಿ, ಸಿಗಡಿ ಇರುತ್ತದೆ. ಪ್ರೊಟೀನ್ 30 ಶೇಕಡಾ ದಾಟುತ್ತದೆ. ಹುಲ್ಲು ತಿನ್ನುವ ನೆಲದ ಆಮೆಗೆ ಇದು ಆಹಾರವೇ ಅಲ್ಲ. ನೆಲದ ಆಮೆಗೆಂದೇ ಮಾಡಿದ ಪೆಲೆಟ್‌ನಲ್ಲಿ ಪ್ರೊಟೀನ್ 12ರಿಂದ 15 ಶೇಕಡಾ, ನಾರು 18ರಿಂದ 25ರ ಆಸುಪಾಸು ಇರುತ್ತದೆ. ಡಬ್ಬಿ ತಿರುಗಿಸಿ ಎರಡು ಅಂಕಿ ನೋಡಿ: ನಾರು ಎಷ್ಟು, ಪ್ರೊಟೀನ್ ಎಷ್ಟು. ನಾರಿನ ಅಂಕಿ ದೊಡ್ಡದಿರಬೇಕು. ಆಮೇಲೆ ಒಳಗೇನಿದೆ ಅನ್ನುವ ಪಟ್ಟಿ. ಹುಲ್ಲಿನ ಪುಡಿ ಮೊದಲು ಬಂದರೆ ಒಳ್ಳೆಯದು. ಮೆಕ್ಕೆಜೋಳ, ಗೋಧಿ, ಕಾಕಂಬಿ ಮೊದಲು ಬಂದರೆ ನಾನು ಡಬ್ಬಿಯನ್ನು ವಾಪಸ್ ಇಡುತ್ತೇನೆ.

ಪೆಲೆಟ್ ಬೈಯುವವರು ಆಮೇಲೆ ಏನು ಮಾಡುತ್ತಾರೆ? ಸೂಪರ್ ಮಾರ್ಕೆಟ್‌ಗೆ ಹೋಗಿ ಪಾಲಕ, ಸೌತೆಕಾಯಿ, ಟೊಮೆಟೊ, ಕೋಸು ತಂದು ಹಾಕುತ್ತಾರೆ. ನೈಸರ್ಗಿಕ ಅಲ್ವಾ ಅಂತ. ನನಗೆ ಇದು ಒಪ್ಪಿಗೆ ಇಲ್ಲ. ಲೆಕ್ಕ ಹಾಕಿ ನೋಡಿ. 100 ಗ್ರಾಂ ಪಾಲಕದಲ್ಲಿ 90 ಗ್ರಾಂಗಿಂತ ಜಾಸ್ತಿ ನೀರೇ. ಪ್ರೊಟೀನ್ 2ರಿಂದ 3 ಗ್ರಾಂ. ನೋಡಲು ಕಡಿಮೆ ಅನಿಸುತ್ತದೆ. ಆದರೆ ನೀರು ತೆಗೆದು ಉಳಿಯುವ ಎಂಟೊಂಬತ್ತು ಗ್ರಾಂನಲ್ಲಿ ಅಷ್ಟು ಪ್ರೊಟೀನ್ ಇದೆ ಅಂದರೆ ಕಾಲು ಭಾಗಕ್ಕೂ ಮೇಲಾಯಿತು. ಒಣ ಪೆಲೆಟ್‌ಗಿಂತ ಜಾಸ್ತಿ! ಮೆಂತ್ಯೆಯದೂ ಸುಮಾರಾಗಿ ಇದೇ ಕಥೆ. ನಾರು ಮಾತ್ರ ಸ್ವಲ್ಪವೇ. ಮೇಲಾಗಿ ಪಾಲಕದಲ್ಲಿ ಆಕ್ಸಲೇಟ್ ಇದೆ. ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಮೈಗೆ ಹತ್ತದಂತೆ ಮಾಡುತ್ತದೆ. ನಾವು ಪ್ರೀತಿಯಿಂದ ತಿನ್ನುವ ಪುಂಡಿ ಪಲ್ಲೆ, ಗೋಳಿ ಪಲ್ಲೆ ಕೂಡ ಆ ಸಾಲಿನವೇ. ಸೌತೆಕಾಯಿ ಅಂತೂ ನೀರು ಕುಡಿಸಿದಂತೆ, ಅಷ್ಟೇ. ಬರೀ ಮಾರ್ಕೆಟ್ ತರಕಾರಿ ತಿಂದ ಸಲ್ಕಾಟಾಗಿಂತ, ಒಳ್ಳೆಯ ಪೆಲೆಟ್ ತಿಂದ ಸಲ್ಕಾಟಾನೇ ವಾಸಿ ಅಂತ ನಾನು ಹೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಈ ಪ್ರಾಣಿಯ ಹೊಟ್ಟೆ ಕೆಲಸ ಮಾಡುವ ರೀತಿಯೇ ಬೇರೆ. ತಿಂದ ಹುಲ್ಲು ದೊಡ್ಡ ಕರುಳಿನಲ್ಲಿ ದಿನಗಟ್ಟಲೆ ಕೂತು ಹುಳಿಯುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ನಾರನ್ನು ಒಡೆದು ಅವನಿಗೆ ಶಕ್ತಿ ಕೊಡುತ್ತವೆ. ನಾರು ಇಲ್ಲದಿದ್ದರೆ ಆ ಜೀವಿಗಳಿಗೇ ಉಪವಾಸ. ಸಕ್ಕರೆ ಒಳಗೆ ಹೋದರೆ ಬೇಡದ ಸೂಕ್ಷ್ಮಜೀವಿಗಳು ಹೆಚ್ಚಾಗಿ ಹೊಟ್ಟೆ ಕೆಡುತ್ತದೆ. ಹಾಗಾಗಿ ಹಣ್ಣು ನಮ್ಮಲ್ಲಿ ಬಂದ್. ಪಕ್ಕದ ಮನೆ ಅಜ್ಜಿಗೆ ಇದನ್ನು ಒಪ್ಪಿಸುವುದೇ ದೊಡ್ಡ ಕೆಲಸ. ನವಲೂರಿನ ಪೇರಲ ಬರುವ ಕಾಲದಲ್ಲಿ ಅವರು ಕಾಂಪೌಂಡ್ ಮೇಲಿಂದಲೇ ಒಂದೊಂದು ಉರುಳಿಸುತ್ತಾರೆ. "ಪಾಪ, ಬಾಯಿಲ್ಲದ ಜೀವ, ಒಂದು ಹಣ್ಣ ತಿಂದ್ರ ಏನಾಕ್ಕೈತಿ ಬಿಡವಾ" ಅನ್ನುತ್ತಾರೆ. ಮಾರನೇ ದಿನ ಅವನು ಹಾಕಿದ ತೆಳ್ಳನೆ ಹಿಕ್ಕೆ ಬಳಿಯುವವಳು ನಾನು!

ಪೆಲೆಟ್ ಬಿಡಿಸಿದ ರೀತಿ ಹೇಳುತ್ತೇನೆ, ತುಂಬ ಜನ ಇದನ್ನೇ ಕೇಳುತ್ತಾರೆ. ಕರಿಕಿಯನ್ನು ಕತ್ತರಿಯಿಂದ ಬೆರಳಿನ ಗೆಣ್ಣಿಗಿಂತ ಸಣ್ಣಗೆ ಕತ್ತರಿಸಿದೆ. ಪೆಲೆಟ್ ಅನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಹಿಸುಕಿದೆ. ಎರಡನ್ನೂ ಕೈಯಲ್ಲಿ ಕಲಸಿದೆ. ಮೆತ್ತಗಾದ ಪೆಲೆಟ್ ಹುಲ್ಲಿಗೆ ಅಂಟುತ್ತದೆ, ಆರಿಸಿ ತಿನ್ನಲು ಬರುವುದಿಲ್ಲ. ಮೊದಮೊದಲು ಪೆಲೆಟ್ ಜಾಸ್ತಿ, ಹುಲ್ಲು ಒಂದು ಚಿಟಿಕೆ. ಅದನ್ನು ಒಪ್ಪಿಕೊಂಡ ಮೇಲೆ ಹುಲ್ಲು ಏರಿಸುತ್ತಾ ಪೆಲೆಟ್ ಇಳಿಸುತ್ತಾ ಹೋದೆ. ಹುಲ್ಲಿನ ಉದ್ದವನ್ನೂ ನಿಧಾನವಾಗಿ ಹೆಚ್ಚಿಸಿದೆ. ನಡುವೆ ಮೂಸಿ ನೋಡಿ ತಿರುಗಿ ಹೋದ ದಿನಗಳೂ ಇದ್ದವು. ಅವ್ವನಿಗೆ ಸಂಕಟ: "ಹೊಟ್ಟಿಗಿ ಏನರ ಹಾಕ ಅದಕ್ಕ, ಎಷ್ಟಂತ ಸತಾಯಿಸ್ತಿ!" ಗಟ್ಟಿಮುಟ್ಟಾಗಿರುವ ಬೆಳೆದ ಆಮೆ ಒಂದೆರಡು ದಿನ ತಿನ್ನದಿದ್ದರೆ ಏನೂ ಆಗುವುದಿಲ್ಲ, ನೀರು ಮಾತ್ರ ತಪ್ಪಬಾರದು. ಅಂಗೈಯಗಲದ ಮರಿ ಇದ್ದವರು ಈ ಹಟ ಮಾಡಬೇಡಿ. ಅವುಗಳಿಗೆ ಹುಲ್ಲು ಸಣ್ಣಗೆ ಕತ್ತರಿಸಿ ಕಲಸಿಯೇ ಕೊಡಿ.

ಬದಲಾವಣೆ ಮೊದಲು ಕಂಡಿದ್ದು ಹಿಕ್ಕೆಯಲ್ಲಿ. ಪೆಲೆಟ್ ದಿನಗಳಲ್ಲಿ ಜಿಗುಟಾಗಿ ಇರುತ್ತಿತ್ತು. ಹುಲ್ಲಿಗೆ ಹೊಂದಿಕೊಂಡ ಮೇಲೆ ಗಟ್ಟಿಯಾಗಿ, ಒಡೆದರೆ ಒಳಗೆ ನಾರು ಎಳೆಎಳೆಯಾಗಿ ಕಾಣುವಂತಾಯಿತು. ವಾಸನೆಯೂ ಇಲ್ಲ. ಜೊತೆಗೆ ಬರುವ ಬಿಳಿ ಪದಾರ್ಥವನ್ನೂ ನೋಡುತ್ತಿರಬೇಕು. ಅದು ಮೂತ್ರದ ಭಾಗ. ಮೊಸರಿನಂತೆ ಇದ್ದರೆ ಸರಿ, ಮರಳು ಮರಳಾದರೆ ನೀರು ಸಾಲುತ್ತಿಲ್ಲ ಅಂತ ತಿಳಿಯಿರಿ.

ನಮ್ಮ ಕಡೆ ಏನೇನು ಸಿಗುತ್ತದೆ? ಬೇಕಾದಷ್ಟು. ಕರಿಕಿಯೇ ಬುನಾದಿ. ಗಣಪತಿ ಹಬ್ಬಕ್ಕೆ ಅದನ್ನೇ ಕಟ್ಟು ಕಟ್ಟಿ ಮಾರುತ್ತಾರೆ, ನಮ್ಮಲ್ಲಿ ವರ್ಷಪೂರ್ತಿ ಹಬ್ಬ. ಮಳೆಗಾಲದಲ್ಲಿ ಗಿನಿ ಹುಲ್ಲು ಬೆಳೆಯುತ್ತೇನೆ. ಮೇವಿನ ಹುಲ್ಲಿನ ಬಗ್ಗೆ ಕೆಲಸ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆಯ ದಕ್ಷಿಣ ಭಾರತದ ಕೇಂದ್ರ ಧಾರವಾಡದಲ್ಲೇ ಇದೆ. ಹೈನುಗಾರರಿಗೆ ಗೊತ್ತಿರುವ ಈ ವಿಷಯ ಆಮೆ ಸಾಕುವವರಿಗೂ ಗೊತ್ತಿರಲಿ. ದಾಸವಾಳದ ಎಲೆ, ಹೂವು ಎರಡೂ ಕಲ್ಲಪ್ಪನಿಗೆ ಪ್ರಾಣ. ಹಿಪ್ಪುನೇರಳೆ ಎಲೆ ಒಳ್ಳೆಯದು. ಹಾವೇರಿ ಕಡೆ ರೇಷ್ಮೆ ಮಾಡುವ ನೆಂಟರಿದ್ದರೆ ಒಂದು ಕಡ್ಡಿ ತಂದು ನೆಡಿ, ಸುಲಭವಾಗಿ ಚಿಗುರುತ್ತದೆ. ಹೊಲದ ಬದುವಿನ ಪಾಪಾಸುಕಳ್ಳಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯ ಮೇಲೆ ಮುಳ್ಳು ಸುಟ್ಟು, ತೊಳೆದು ಕೊಡುತ್ತೇನೆ. ದೊಡ್ಡ ಮುಳ್ಳಿಗಿಂತ ಕಣ್ಣಿಗೆ ಕಾಣದ ಸಣ್ಣ ಮುಳ್ಳುಗಳೇ ಕಾಟ. ರೊಟ್ಟಿ ಜೊತೆ ಹಸಿಯಾಗಿ ತಿನ್ನುವ ಹಕ್ಕರಕಿ ಇದೆಯಲ್ಲ, ಅದರಲ್ಲಿ ಅವನಿಗೂ ಪಾಲು. ನುಗ್ಗೆ ಸೊಪ್ಪು, ಕುದುರೆ ಮಸಾಲೆ (ಲೂಸರ್ನ್ ಮೇವು) ಇವುಗಳಲ್ಲಿ ಪ್ರೊಟೀನ್ ಜಾಸ್ತಿ, ಅಪರೂಪಕ್ಕೆ ಒಂದು ಹಿಡಿ ಸಾಕು.

ಬೇಡದ್ದೂ ಇವೆ. ಎಳೆ ಜೋಳದ ಬೆಳೆಯಲ್ಲಿ ಸಯನೈಡ್ ಹುಟ್ಟುವ ಗುಣ ಇದೆ, ಮಳೆ ಕೈಕೊಟ್ಟು ಬಾಡಿದಾಗ ಇನ್ನೂ ಜಾಸ್ತಿ. ದನ ಕಾಯುವವರಿಗೆ ಇದು ಚೆನ್ನಾಗಿ ಗೊತ್ತು. ಕಣಗಲ ಎಲೆ ವಿಷ. ಲಂಟಾನಾ, ಕಾಂಗ್ರೆಸ್ ಕಸ ಹಿತ್ತಲಲ್ಲಿ ಕಂಡರೆ ಕಿತ್ತು ಹಾಕಿ. ಹತ್ತಿ, ಮೆಣಸಿನಕಾಯಿ ಹೊಲದ ಬದುವಿನ ಹುಲ್ಲು ಎಷ್ಟೇ ಹಸಿರಾಗಿದ್ದರೂ ನಾನು ತರುವುದಿಲ್ಲ. ಔಷಧಿ ಹೊಡೆದದ್ದು ಹುಲ್ಲಿಗೂ ಬಿದ್ದಿರುತ್ತದೆ.

ಚಿಪ್ಪು ಗುಬ್ಬುಗುಬ್ಬಾಗಿ ಏಳುವುದಕ್ಕೆ ಪೆಲೆಟ್ಟೇ ಕಾರಣ ಅಂತ ಬಹಳ ಜನ ಹೇಳುತ್ತಾರೆ. ಅಷ್ಟು ಸರಳ ಅಲ್ಲ. 2003ರಲ್ಲಿ ವಿಯೆನ್ನಾದ ಸಂಶೋಧಕರು ಇದೇ ಸಲ್ಕಾಟಾ ಮರಿಗಳನ್ನು ಬೇರೆ ಬೇರೆ ತೇವದಲ್ಲಿ, ಬೇರೆ ಬೇರೆ ಪ್ರೊಟೀನ್ ಕೊಟ್ಟು ಬೆಳೆಸಿ ನೋಡಿದರು. ಒಣ ಹವೆಯಲ್ಲಿ ಬೆಳೆದವುಗಳ ಚಿಪ್ಪೇ ಹೆಚ್ಚು ಗುಬ್ಬಾಯಿತು. ಪ್ರೊಟೀನ್‌ನ ಪಾತ್ರ ಅದರ ಮುಂದೆ ಚಿಕ್ಕದು. ಕಲ್ಲಪ್ಪನ ಬೆನ್ನ ಮೇಲೂ ಹಳೆಯ ಗುಬ್ಬುಗಳಿವೆ. ಅವು ಹೋಗುವುದಿಲ್ಲ. ಈಚೆಗೆ ಅಂಚಿನಲ್ಲಿ ಬಂದಿರುವ ಹೊಸ ಬೆಳವಣಿಗೆ ಸಪಾಟಾಗಿದೆ. ಇದು ಹುಲ್ಲಿನಿಂದಲೋ, ಬೇಸಿಗೆಯಲ್ಲಿ ಅವನ ಗೂಡಿನ ಮಣ್ಣನ್ನು ತೇವವಾಗಿ ಇಡುವುದರಿಂದಲೋ, ಬೆಳಗಿನ ಸ್ನಾನದಿಂದಲೋ? ಮೂರೂ ಒಟ್ಟಿಗೆ ಶುರುವಾದವು, ಹಾಗಾಗಿ ಕೀರ್ತಿಯನ್ನೆಲ್ಲ ಹುಲ್ಲಿಗೇ ಕೊಡಲಾರೆ.

ಬಿಸಿಲೂ ಆಹಾರದ ಲೆಕ್ಕದಲ್ಲೇ ಬರುತ್ತದೆ. ಕ್ಯಾಲ್ಸಿಯಂ ಎಷ್ಟೇ ಕೊಟ್ಟರೂ ವಿಟಮಿನ್ ಡಿ3 ಇಲ್ಲದೆ ಮೂಳೆಗೆ ಹೋಗುವುದಿಲ್ಲ. ಅದಕ್ಕೆ ನೇರ ಬಿಸಿಲು ಬೇಕು. ಕಿಟಕಿಯ ಗಾಜಿನ ಹಿಂದಿನ ಬಿಸಿಲು ಬೆಚ್ಚಗಿರುತ್ತದೆ, ಆದರೆ ಬೇಕಾದ ಕಿರಣವನ್ನು ಗಾಜು ತಡೆದುಬಿಡುತ್ತದೆ. ನಮ್ಮ ಊರಲ್ಲಿ ವರ್ಷದ ಹೆಚ್ಚು ದಿನ ಇದು ಪುಕ್ಕಟೆ. ಜೂನ್‌ನಿಂದ ಆಗಸ್ಟ್ ತನಕ ಮಾತ್ರ ಕಷ್ಟ. ಧಾರವಾಡದ ಆ ಜಿಟಿಜಿಟಿ ಮಳೆಯಲ್ಲಿ ಸೂರ್ಯನ ಮುಖವೇ ಕಾಣುವುದಿಲ್ಲ, ಮೈ ಬೆಚ್ಚಗಾಗದೆ ಅವನು ಮಂಕಾಗುತ್ತಾನೆ. ಆಗ ಒತ್ತಾಯ ಮಾಡಿ ತಿನ್ನಿಸಬಾರದು. ತಣ್ಣಗಿನ ಹೊಟ್ಟೆಯಲ್ಲಿ ಆಹಾರ ಅರಗದೆ ಕೊಳೆಯುತ್ತದೆ. ಮೊದಲು ಗೂಡಿಗೆ ಹೀಟರ್, ಆಮೇಲೆ ತಟ್ಟೆ. ಡಿಸೆಂಬರ್ ರಾತ್ರಿಗಳಿಗೂ ಇದೇ ನಿಯಮ. ಸಲ್ಕಾಟಾ ಚಳಿಗಾಲದ ನಿದ್ದೆ ಮಾಡುವ ಜಾತಿ ಅಲ್ಲ.

ಹಾಗಾದರೆ ಪೆಲೆಟ್ ಪೂರ್ತಿ ಬಿಟ್ಟೆನಾ ಅಂದರೆ, ಇಲ್ಲ. ಡಬ್ಬಿ ಈಗಲೂ ಅಡುಗೆಮನೆಯ ಅಟ್ಟದ ಮೇಲಿದೆ. ಏಪ್ರಿಲ್, ಮೇ ತಿಂಗಳಲ್ಲಿ ಹಿತ್ತಲು ಸುಟ್ಟುಹೋಗಿರುತ್ತದೆ, ನಲ್ಲಿ ನೀರು ಬರುವುದು ನಮಗೇ ಸಾಲುವುದಿಲ್ಲ, ಹುಲ್ಲಿಗೆಲ್ಲಿಂದ ತರುವುದು? ಮಳೆ ನಿಂತ ಮೇಲೆ ಕೊಯ್ದು ನೆರಳಲ್ಲಿ ಒಣಗಿಸಿಟ್ಟ ಹುಲ್ಲು ಆಗ ಹೊರಬರುತ್ತದೆ. ಒಣ ಹುಲ್ಲನ್ನು ಅವನು ಸುಮ್ನೆ ತಿನ್ನುವುದಿಲ್ಲ. ನಾಲ್ಕೈದು ಪೆಲೆಟ್ ನೆನೆಸಿದ ನೀರನ್ನು ಅದರ ಮೇಲೆ ಚಿಮುಕಿಸಿದರೆ ಬಾಯಿ ಹಾಕುತ್ತಾನೆ. ವಾರಕ್ಕೊಂದು ಸಲ ನೆನೆದ ಪೆಲೆಟ್ ಅನ್ನೂ ಕೊಡುತ್ತೇನೆ. ಅದರಲ್ಲಿರುವ ಖನಿಜ, ವಿಟಮಿನ್ ಬೇಸಿಗೆಯ ಕೊರತೆ ತುಂಬಲಿ ಅಂತ. ನಾವು ಊರಿಗೆ ಹೋದಾಗ ನೋಡಿಕೊಳ್ಳುವವರಿಗೂ ಅದೇ ಸುಲಭ, ಯಾವ ಗಿಡ ತಿನ್ನಬಹುದು ಅಂತ ಪಾಠ ಮಾಡಬೇಕಿಲ್ಲ. ಒಣದಾಗಿ ಮಾತ್ರ ಹಾಕಬೇಡಿ ಅಂತ ಹೇಳಿ ಹೋಗುತ್ತೇನೆ.

ಡಬ್ಬಿ ತರುವಾಗ ಸಣ್ಣದನ್ನೇ ತನ್ನಿ. ದೊಡ್ಡ ಚೀಲ ಅಗ್ಗ ಬೀಳುತ್ತದೆ, ನಿಜ. ಆದರೆ ತೆರೆದಿಟ್ಟಷ್ಟೂ ವಿಟಮಿನ್ ಇಳಿಯುತ್ತದೆ, ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದದ್ದನ್ನು ಬಿಸಿಲಿಗೆ ಹಾಕಿ ಮತ್ತೆ ಕೊಡುವ ಆಸೆ ಬೇಡ. ಒಣ ಹುಲ್ಲಿಗೂ ಅದೇ ಮಾತು, ಕರ್ರಗಾದದ್ದು ಸೀದಾ ತಿಪ್ಪೆಗೆ. ಇನ್ನು ಕಟಲ್ ಬೋನ್ ಅಂತ ಪಕ್ಷಿಗಳಿಗೆ ಮಾರುತ್ತಾರಲ್ಲ, ಸಮುದ್ರಜೀವಿಯೊಂದರ ಕ್ಯಾಲ್ಸಿಯಂ ತುಂಬಿದ ಬಿಳಿ ಚಿಪ್ಪು, ಅದರ ಒಂದು ತುಂಡು ಅವನ ಗೂಡಿನಲ್ಲಿ ಯಾವಾಗಲೂ ಬಿದ್ದಿರುತ್ತದೆ. ಬೇಕಾದಾಗ ತಾನೇ ಕಡಿಯುತ್ತಾನೆ, ತಿಂಗಳುಗಟ್ಟಲೆ ಮುಟ್ಟದೆಯೂ ಇರುತ್ತಾನೆ.