ಮಗುವಿಗೆ ರಕ್ತದ ಕ್ಯಾನ್ಸರ್ ಮರುಕಳಿಸಿದರೆ: ಆಕರಕೋಶ ಕಸಿಗೆ ಸಿದ್ಧತೆ ಹೇಗೆ?

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಬಹುತೇಕರಲ್ಲಿ ಮೊದಲ ಸುತ್ತಿನ ಕೀಮೋಥೆರಪಿಯಿಂದಲೇ ಗುಣವಾಗುತ್ತದೆ. ಅದು ಮರುಕಳಿಸಿ ವೈದ್ಯರು ಆಕರಕೋಶ (ರಕ್ತಕಣಗಳನ್ನು ಹುಟ್ಟಿಸುವ ಸ್ಟೆಮ್ ಸೆಲ್) ಕಸಿಯ ಮಾತೆತ್ತಿದಾಗ, ಮಂಗಳೂರಿಗೋ ತಲಶ್ಶೇರಿಗೋ ಎಂಬ ಪ್ರಶ್ನೆ ಕಾಸರಗೋಡಿನ ಮನೆಗಳಲ್ಲಿ ಮೊದಲು ಏಳುತ್ತದೆ. ಅದಕ್ಕಿಂತ ಮುಂಚೆ ತಿಳಿಯಬೇಕಾದುದು ಕೆಲಸಗಳ ಕ್ರಮ.

ಮರುಕಳಿಸಿದ ಮಕ್ಕಳಿಗೆಲ್ಲ ಕಸಿ ಬೇಕಾಗುವುದಿಲ್ಲ. ರೋಗ ಮೊದಲು ಪತ್ತೆಯಾದ 18 ತಿಂಗಳೊಳಗೆ ಅಸ್ಥಿಮಜ್ಜೆಯಲ್ಲಿ ಮರಳಿದರೆ ಅಪಾಯ ಅತಿ ಹೆಚ್ಚು. ಚಿಕಿತ್ಸೆ ಮುಗಿದು ಆರು ತಿಂಗಳು ಕಳೆದ ಮೇಲೆ ಮರಳಿದ, ಬಿ ಎಂಬ ಬಗೆಯ ಬಿಳಿ ರಕ್ತಕಣಗಳ ಲ್ಯುಕೇಮಿಯಾ ಕೀಮೋಥೆರಪಿಗೆ ಚೆನ್ನಾಗಿ ಬಗ್ಗಿದರೆ ಕಸಿಯಿಲ್ಲದೆಯೂ ಗುಣವಾಗಬಹುದು. ಆದುದರಿಂದ ಅಸ್ಥಿಮಜ್ಜೆಯನ್ನೂ ಬೆನ್ನುಹುರಿಯ ಸುತ್ತಲಿನ ದ್ರವವನ್ನೂ ಪರೀಕ್ಷಿಸಿ, ಮತ್ತೆ ಔಷಧ ಕೊಟ್ಟು, ಉಳಿದಿರುವ ಕ್ಯಾನ್ಸರ್ ಕೋಶಗಳನ್ನು ಎಂಆರ್‌ಡಿ ಪರೀಕ್ಷೆಯಿಂದ ಅಳೆಯುತ್ತಾರೆ. ಹತ್ತು ಸಾವಿರ ಕೋಶಗಳಲ್ಲಿ ಒಂದಕ್ಕಿಂತ ಕಡಿಮೆ ಎಂಬುದು ಸಾಮಾನ್ಯ ಗುರಿ. ರೋಗ ಹತೋಟಿಗೆ ಬಾರದೆ ಮಾಡಿದ ಕಸಿ ಫಲಿಸುವ ಸಂಭವ ಬಹಳ ಕಡಿಮೆ.

ಈ ಔಷಧದ ವಾರಗಳನ್ನು ಸುಮ್ಮನೆ ಕಳೆಯಬಾರದು. ಕಸಿಯ ಸಾಧ್ಯತೆ ಇದೆಯೆಂದ ದಿನವೇ ಮಗುವಿನ, ತಂದೆತಾಯಿಯ ಹಾಗೂ ಒಡಹುಟ್ಟಿದವರ ಎಚ್‌ಎಲ್‌ಎ ಪರೀಕ್ಷೆಗೆ (ದಾನಿಯ ಕೋಶಗಳು ಮಗುವಿಗೆ ಹೊಂದುತ್ತವೆಯೇ ಎಂದು ನೋಡುವ ಪರೀಕ್ಷೆ) ಮಾದರಿ ಕೊಡುವುದು ಒಳ್ಳೆಯದು. ಒಬ್ಬ ಅಣ್ಣನೋ ತಂಗಿಯೋ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ತಂದೆತಾಯಿ ಸಾಮಾನ್ಯವಾಗಿ ಅರ್ಧದಷ್ಟು ಹೊಂದುತ್ತಾರೆ, ಮತ್ತು ಅರ್ಧ ಹೊಂದಿಕೆಯ ಕಸಿಯೂ ಈಗ ಸಾಧ್ಯ. ದಾತ್ರಿ, ಡಿಕೆಎಂಎಸ್‌ನಂಥ ದಾನಿಗಳ ನೋಂದಣಿ ಸಂಸ್ಥೆಗಳಲ್ಲಿ ಹುಡುಕುವುದಕ್ಕೂ ಸಮಯ ಬೇಕು. ರಕ್ತದ ಗುಂಪು ಒಂದೇ ಆಗಿರಬೇಕೆಂದಿಲ್ಲ. ಕಸಿಯ ನಂತರ ಮಗುವಿನ ಗುಂಪೇ ದಾನಿಯದಕ್ಕೆ ಬದಲಾಗುತ್ತದೆ. ದಾನಿಯ ಎಲುಬು ಕತ್ತರಿಸುತ್ತಾರೆ ಎಂಬ ಹೆದರಿಕೆಗೆ ಆಧಾರವಿಲ್ಲ: ಅರಿವಳಿಕೆ ಕೊಟ್ಟು ಸೊಂಟದ ಎಲುಬಿನಿಂದ ಸೂಜಿಯಲ್ಲಿ ಮಜ್ಜೆಯನ್ನು ಎಳೆಯುತ್ತಾರೆ, ಅಥವಾ ಕೆಲವು ದಿನ ಚುಚ್ಚುಮದ್ದು ಕೊಟ್ಟು ರಕ್ತದಿಂದಲೇ ಆಕರಕೋಶಗಳನ್ನು ಬೇರ್ಪಡಿಸುತ್ತಾರೆ.

ಇಲ್ಲೊಂದು ಎಚ್ಚರಿಕೆ. ಮಗುವಿಗೆ ರಕ್ತ ಬೇಕೆಂದಾಗ ಮಾವ, ಚಿಕ್ಕಪ್ಪ, ಅಣ್ಣ ಎಲ್ಲರೂ ತೋಳು ಚಾಚುವುದು ನಮ್ಮ ಕಡೆಯ ಒಳ್ಳೆಯ ರೂಢಿಯಾದರೂ, ಕಸಿಯ ಸಾಧ್ಯತೆ ಇರುವ ಮಗುವಿಗೆ ಹತ್ತಿರದ ರಕ್ತಸಂಬಂಧಿಗಳ ರಕ್ತ ಕೊಡಿಸಬಾರದು. ಅದರಿಂದ ಮಗುವಿನ ದೇಹ ಮುಂದಿನ ದಾನಿಯ ಕೋಶಗಳನ್ನು ತಿರಸ್ಕರಿಸಲು ಕಲಿಯಬಹುದು. ಅವರು ಬೇರೆ ರೋಗಿಗಳಿಗಾಗಿ ರಕ್ತನಿಧಿಗೆ ಕೊಡಲಿ.

ಆಸ್ಪತ್ರೆಯ ಆಯ್ಕೆ ಇದರ ಜೊತೆಗೇ ನಡೆಯಬೇಕು. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್, ಬೆಂಗಳೂರಿನ ಕಿದ್ವಾಯಿ ಮತ್ತು 1986ರಿಂದ ಈ ಕೆಲಸ ಮಾಡುತ್ತಿರುವ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕಸಿ ಘಟಕಗಳಿವೆ. ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಇಡೀ ದೇಹಕ್ಕೆ ವಿಕಿರಣ ಕೊಡುವ ವ್ಯವಸ್ಥೆ ಅಲ್ಲಿದೆಯೇ? ನಾಲ್ಕು ವರ್ಷ ದಾಟಿದ ಮಕ್ಕಳಲ್ಲಿ, ಕಸಿಗೆ ಮೊದಲು ಔಷಧ ಮಾತ್ರ ಕೊಡುವುದಕ್ಕಿಂತ ವಿಕಿರಣವೂ ಸೇರಿದ ವಿಧಾನ ಹೆಚ್ಚು ಫಲಕಾರಿ ಎಂದು 2021ರಲ್ಲಿ ಪ್ರಕಟವಾದ, ಹಲವು ದೇಶಗಳಲ್ಲಿ ನಡೆದ ಫೋರಮ್ ಎಂಬ ಅಧ್ಯಯನ ತೋರಿಸಿತು. ಅದರ ಬೆಲೆಯಾಗಿ ಬೆಳವಣಿಗೆ, ಥೈರಾಯ್ಡ್, ಮುಂದೆ ಮಕ್ಕಳಾಗುವ ಶಕ್ತಿ ಕುಂದಬಹುದಾದ್ದರಿಂದ ಆ ಮಾತನ್ನೂ ಸಂಕೋಚವಿಲ್ಲದೆ ಮೊದಲೇ ಆಡಬೇಕು. ಕೇರಳದ ವಿಮೆ ಗಡಿಯಾಚೆಯ ಆ ಆಸ್ಪತ್ರೆಯಲ್ಲಿ ಸಲ್ಲುತ್ತದೆಯೇ ಎಂಬುದನ್ನು ದಾಖಲಾಗುವ ಮುಂಚೆ ಬರಹದಲ್ಲಿ ಪಡೆಯುವುದು ಕ್ಷೇಮ. ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ ಅರ್ಜಿ ಹಾಕಲು ಆಸ್ಪತ್ರೆಯ ಖರ್ಚಿನ ಅಂದಾಜುಪತ್ರ ಬೇಕು. ಕ್ಯಾನ್ಸರ್ ರೋಗಿಗೂ ಜೊತೆಗಾರನಿಗೂ ಇರುವ ರೈಲು ರಿಯಾಯಿತಿಗೆ ಆಸ್ಪತ್ರೆಯ ವೈದ್ಯರು ನಿಗದಿತ ನಮೂನೆಯಲ್ಲಿ ಸಹಿ ಮಾಡಿದ ಪ್ರಮಾಣಪತ್ರ ಬೇಕು.

ಕಸಿಯ ಗಳಿಗೆ ನೋಡಲು ಬಹಳ ಸಾಧಾರಣ: ಎದೆಯ ನಳಿಕೆಯ ಮೂಲಕ ರಕ್ತ ಏರಿಸಿದಂತೆ ಕೋಶಗಳು ಒಳಗೆ ಹೋಗುತ್ತವೆ. ಕಷ್ಟವಿರುವುದು ನಂತರದ ಎರಡರಿಂದ ನಾಲ್ಕು ವಾರಗಳಲ್ಲಿ. ಹೊಸ ಮಜ್ಜೆ ಬೇರೂರುವವರೆಗೆ ಬಾಯಿಹುಣ್ಣು, ಜ್ವರ, ಸೋಂಕು ಕಾಡುತ್ತವೆ. ದಾನಿಯ ಕೋಶಗಳು ಮಗುವಿನ ಚರ್ಮ, ಕರುಳು, ಪಿತ್ತಜನಕಾಂಗದ ಮೇಲೆ ತಿರುಗಿ ಬೀಳುವುದೂ ಉಂಟು. ಮೈಮೇಲೆ ಕೆಂಪು ಗಂದೆ ಎದ್ದರೆ, ಭೇದಿ ನಿಲ್ಲದಿದ್ದರೆ, ಕಣ್ಣು ಹಳದಿಯಾದರೆ ಅದೇ ದಿನ ತಿಳಿಸಬೇಕು. ಸುಮಾರು ನೂರು ದಿನ ಆಸ್ಪತ್ರೆಯ ಸಮೀಪದಲ್ಲೇ ಉಳಿಯಬೇಕಾಗುವುದರಿಂದ, ತೋಟದ ಕೆಲಸ ಯಾರು ನೋಡಿಕೊಳ್ಳುವುದು, ಇನ್ನೊಂದು ಮಗುವಿನ ಶಾಲೆ ಏನಾಗುವುದು ಎಂಬುದೂ ಚಿಕಿತ್ಸೆಯ ಯೋಜನೆಯ ಭಾಗವೇ.

ಮನೆಗೆ ಮರಳುವ ಮುಂಚೆ ಮನೆಯನ್ನು ಸಿದ್ಧಪಡಿಸಬೇಕು. ಮಳೆಗಾಲದಲ್ಲಿ ಗೋಡೆಗೆ ಹಿಡಿಯುವ ಬೂಷ್ಟು, ಅಡಿಕೆ ಸುಲಿಯುವಾಗ ಏಳುವ ಧೂಳು, ಹಟ್ಟಿ, ಗೊಬ್ಬರದ ಗುಂಡಿ ಇವೆಲ್ಲ ಶಿಲೀಂಧ್ರ ಸೋಂಕಿನ ಮೂಲಗಳು. ಮಗು ಅವುಗಳಿಂದ ದೂರವಿರಬೇಕು. ಬಾವಿಯ ನೀರಾಗಲಿ ಗುಡ್ಡದಲ್ಲಿ ಅಡ್ಡವಾಗಿ ಕೊರೆದ ಸುರಂಗದ ನೀರಾಗಲಿ, ಎಷ್ಟೇ ತಿಳಿಯಾಗಿದ್ದರೂ ಕುದಿಸಿಯೇ ಕೊಡಬೇಕು. ಹಸಿ ಸೊಪ್ಪಿನ ತಂಬುಳಿಯನ್ನು ವೈದ್ಯರು ಒಪ್ಪುವವರೆಗೆ ಬಿಡುವುದು ಒಳಿತು.

ಹಿಂದೆ ಹಾಕಿಸಿದ ಲಸಿಕೆಗಳ ರಕ್ಷಣೆ ಬಹುಮಟ್ಟಿಗೆ ಅಳಿದುಹೋಗುವುದರಿಂದ, ಕಸಿಯಾಗಿ ಆರು ತಿಂಗಳಿಂದ ಒಂದು ವರ್ಷದ ನಂತರ ಅವನ್ನು ಹೊಸದಾಗಿ ಆರಂಭಿಸುತ್ತಾರೆ. ದಡಾರದಂಥ ಜೀವಂತ ಲಸಿಕೆಗಳಿಗೆ ಕನಿಷ್ಠ ಎರಡು ವರ್ಷ ಕಾಯಬೇಕು. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಈ ವೇಳಾಪಟ್ಟಿಯ ಒಂದು ಪ್ರತಿಯನ್ನು ಕೊಟ್ಟಿರಬೇಕು.