ಆರ್ ಮತ್ತು ಎನ್ ಕೂಡಿ ಎಂ ಆದಾಗ

ಮಗಳ ಇಂಗ್ಲಿಷ್ ಓದಿಗೆಂದು ಹಳೆಯ ಪಾಠಪುಸ್ತಕವೊಂದನ್ನು ಸ್ಕ್ಯಾನ್ ಮಾಡಿ, ಅಕ್ಷರ ಗುರುತಿಸುವ ತಂತ್ರಾಂಶದಿಂದ ಪಠ್ಯವಾಗಿಸಿದ್ದೆ. ಅದರಲ್ಲಿ ‘ಮೋಡೆಮ್’ (modem) ಕೃಷಿಯ ಮಾತು ಕಂಡು ಅವಳು ನಿಘಂಟು ತೆರೆದು, ಹೊಲಕ್ಕೂ ಇಂಟರ್ನೆಟ್ ಪೆಟ್ಟಿಗೆಗೂ ಏನು ಸಂಬಂಧವೆಂದು ಕೇಳಿದಳು.

ಮೂಲ ಪುಟವನ್ನು ಭೂತಗನ್ನಡಿಯಲ್ಲಿ ನೋಡಿದರೆ ಅಲ್ಲಿದ್ದುದು ‘ಮಾಡರ್ನ್’ (modern). ಸಣ್ಣಕ್ಷರದ ಆರ್ ಮತ್ತು ಎನ್ ಒತ್ತೊತ್ತಾಗಿ ಅಚ್ಚಾಗಿದ್ದು, ನಡುವಿನ ಕೂದಲೆಳೆಯಷ್ಟು ಬಿಳಿ ಜಾಗ ಸ್ಕ್ಯಾನಿನಲ್ಲಿ ಮುಚ್ಚಿಹೋಗಿ, ತಂತ್ರಾಂಶ ಅವೆರಡನ್ನೂ ಎಂ ಎಂದು ಓದಿತ್ತು. ಮೋಡೆಮ್ ಎಂಬುದೂ ನಿಘಂಟಿನಲ್ಲಿರುವ ಪದವೇ ಆದ್ದರಿಂದ ಸ್ಪೆಲ್‌ಚೆಕ್ ಸುಮ್ಮನಿತ್ತು. ಇದೇ ರೀತಿ ‘ಸ್ಟರ್ನ್’ ಎಂಬುದು ‘ಸ್ಟೆಮ್’ ಆಗಿ, ಕಟ್ಟುನಿಟ್ಟಿನ ಮೇಷ್ಟ್ರೊಬ್ಬರು ಗಿಡದ ಕಾಂಡವಾಗಿಬಿಟ್ಟಿದ್ದರು!

ಎಲ್ಲವನ್ನೂ ಒಂದೇ ಸಲಕ್ಕೆ ಬದಲಿಸಿದರೆ ನಿಜವಾದ ‘ಸ್ಟೆಮ್’ಗಳೂ ಕೆಡುತ್ತವೆ. ಆದ್ದರಿಂದ ಪುಟಗಳನ್ನು 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕಿಗಳ ಸ್ಪಷ್ಟತೆಯಲ್ಲಿ) ಮತ್ತೆ ಸ್ಕ್ಯಾನ್ ಮಾಡಿ, ಅನುಮಾನದ ಪದಗಳನ್ನು ಒಂದೊಂದಾಗಿ ಹುಡುಕಿ ಮೂಲದೊಂದಿಗೆ ತಾಳೆ ನೋಡಿದೆ. ಬಳಿಕ ಪಠ್ಯವನ್ನು ಏರಿಯಲ್‌ನಿಂದ ವರ್ಡಾನಾ ಎಂಬ ಅಕ್ಷರಶೈಲಿಗೆ ಬದಲಿಸಿದೆ. ಪರದೆಯ ಓದಿಗೆಂದೇ ರೂಪಿಸಿ 1996ರಲ್ಲಿ ಬಿಡುಗಡೆಯಾದ ಈ ಅಕ್ಷರಶೈಲಿಯಲ್ಲಿ ಅಕ್ಷರಗಳ ನಡುವಿನ ಜಾಗ ಧಾರಾಳವಾಗಿದ್ದು, ದೊಡ್ಡಕ್ಷರದ ಐ ಮತ್ತು ಸಣ್ಣಕ್ಷರದ ಎಲ್ ಒಂದೇ ಗೆರೆಯಂತೆ ಕಾಣುವ ತೊಂದರೆಯೂ ಇಲ್ಲ. ಈಗ ಮಗಳು ವಿಚಿತ್ರ ಪದ ಕಂಡರೆ ನಿಘಂಟಿಗಿಂತ ಮೊದಲು ಭೂತಗನ್ನಡಿಯನ್ನು ಕೇಳುತ್ತಾಳೆ.